ತೋಳಿಗೆ ಹದಿನೇಳು ಬಣ್ಣ

ಸನತ್‌ನಗರ, ಹೈದರಾಬಾದ್
12 ಜೂನ್ 2023

ಅನುರಾಧಾ ಮೇಡಂ ಅವರಿಗೆ ನಮಸ್ಕಾರ.

ನನ್ನ ಹೆಸರು ಶಿವಗಂಗಾ. ನೀವು ಪ್ರಾಣಿಗಳನ್ನು ಬರೆದುಕೊಡುವ ‘ನನ್ಹಿ ಬಸ್ತಿ’ ಎಂಬ ಫೋನಿನ ಆಟದ ಕೊಂಡಾಪುರದ ಆಫೀಸಿನಲ್ಲಿ ಏಳು ತಿಂಗಳಿಂದ ಇದ್ದೇನೆ. ಮಕ್ಕಳ ದೂರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ನನ್ನ ಉಡದ ಮರಿ ಉಡಿ ಊಟ ಮಾಡುತ್ತಿಲ್ಲ, ನನ್ನ ತೋಳದ ಮರಿ ತೋಳಿಗೆ ಮೂರು ದಿನದಿಂದ ಜ್ವರ, ಏನು ಮಾಡಲಿ ಎಂದು ಬರೆಯುತ್ತಾರೆ. ಪರದೆಯ ಮೇಲೆ ಮಾತ್ರ ಇರುವ ಪ್ರಾಣಿ ಅದು ಎಂಬುದು ಅವರಿಗೂ ಗೊತ್ತು. ಆದರೂ ಅಳುತ್ತಾರೆ.

ಹೋದ ವಾರ ನಮ್ಮ ಮ್ಯಾನೇಜರ್ ಉಪೇಂದ್ರ ಸರ್ ನನ್ನನ್ನು ಕರೆದು, ಬೋನಾಲು ಹಬ್ಬಕ್ಕೆ ತೋಳಿಯನ್ನು ಅರಿಸಿನದ ಬಣ್ಣದಲ್ಲಿ ಬಿಡಬೇಕು, ನೀನೇ ಮಾಡಿ ನೋಡು ಎಂದರು. ನಾನು ಕಂಪ್ಯೂಟರಿನಲ್ಲಿ ಬಕೆಟ್ ಗುರುತು ಒತ್ತಿ ತೋಳಿಯ ಮೈಮೇಲೆ ಹಳದಿ ಸುರಿದೆ. ಹೊಟ್ಟೆಯ ನೆರಳು, ಕಿವಿಯೊಳಗಿನ ಗುಲಾಬಿ, ಎಲ್ಲ ಒಂದೇ ಏಟಿಗೆ ಮಾಯವಾಗಿ ತೋಳಿ ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ರೇಖೆಗಳ ಅಂಚಿನಲ್ಲಿ ಬಿಳಿ ಚುಕ್ಕೆಗಳು ಬೇರೆ ಉಳಿದವು. ನಾಲ್ಕು ದಿನದಿಂದ ಇದನ್ನೇ ಮಾಡಿ ಮಾಡಿ ಅಳಿಸುತ್ತಿದ್ದೇನೆ.

ಉಪೇಂದ್ರ ಸರ್ ಅವರ ಮನೆತನ ಬೀದರ ಕಡೆಯದು, ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಾರೆ. ‘ಆ ಅನುರಾಧಾಬಾಯಿಯವರು ಫೋನಿನಾಗ ಮಾತಾಡೂದಿಲ್ಲ, ಬರದು ಕೇಳು’ ಎಂದರು. ಶಹಾಪುರದ ಹಾಸ್ಟೆಲ್ಲಿನಲ್ಲಿ ಹತ್ತನೆಯ ತರಗತಿ ಮುಗಿಸಿದ ಮೇಲೆ ನಾನು ಇಷ್ಟು ಉದ್ದ ಕನ್ನಡ ಬರೆದದ್ದೇ ಇಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ. ದಯವಿಟ್ಟು ಕಲಿಸಿ.

ಇತಿ,
ಶಿವಗಂಗಾ


ಗುಳೇದಗುಡ್ಡ
16 ಜೂನ್ 2023

ಶಿವಗಂಗಾ ಅವರೆ,

ಫೋನಿನಲ್ಲಿ ಮಾತಾಡುವುದಿಲ್ಲ ಎಂಬುದು ಜಂಬವಲ್ಲ. ನನಗೆ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹೋಗುತ್ತಿದೆ. ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದೆ. ಮಕ್ಕಳು ಏನು ಕೇಳಿದರೆಂದು ಮಕ್ಕಳನ್ನೇ ಮತ್ತೆ ಕೇಳುವ ಕಾಲ ಬಂದಾಗ ಬಿಟ್ಟುಬಂದೆ. ಈಗ ನಿಮ್ಮ ಬಸ್ತಿಯ ಎಂಟು ಪ್ರಾಣಿಗಳೇ ನನ್ನ ತರಗತಿ.

ನೀವು ಮಾಡಿದ್ದು ಎಲ್ಲರೂ ಮೊದಲ ದಿನ ಮಾಡುವ ತಪ್ಪು. ಚಿತ್ರದ ಮೇಲೆಯೇ ಬಣ್ಣ ಸುರಿಯಬೇಡಿ. ಅದರ ಮೇಲೊಂದು ಖಾಲಿ ಪದರ ಹಾಕಿ, ಗಾಜಿನ ಹಾಳೆ ಇಟ್ಟ ಹಾಗೆ. ಹೊಸ ಬಣ್ಣವನ್ನು ಆ ಪದರದಲ್ಲಿ ಹಚ್ಚಿ. ಆಮೇಲೆ ಪದರ ಕೆಳಗಿನ ಚಿತ್ರದೊಂದಿಗೆ ಹೇಗೆ ಬೆರೆಯಬೇಕೆಂಬ ಪಟ್ಟಿ ಇರುತ್ತದಲ್ಲ, ಅದರಲ್ಲಿ ‘ಕಲರ್’ ಆರಿಸಿ. ಕೆಳಗಿನ ಬೆಳಕು ನೆರಳು ಹಾಗೇ ಉಳಿದು ಬಣ್ಣ ಮಾತ್ರ ಬದಲಾಗುತ್ತದೆ. ತೋಳಿ ಬೂದು ಬಣ್ಣದವಳು, ಬೂದಿನ ಮೇಲೆ ಹಳದಿ ಕೆಸರಿನಂತೆ ಕಾಣುತ್ತದೆ. ಮೊದಲು ಬೂದನ್ನು ಎರಡು ಮೂರು ಪಾಲು ಬೆಳಗಿಸಿ. ಮತ್ತೆ, ಹಳದಿಯ ನೆರಳು ಕಪ್ಪಲ್ಲ. ನಮ್ಮ ಓಣಿಯಲ್ಲಿ ಕುಪ್ಪಸದ ಕಣ ನೇಯುತ್ತಾರೆ. ಹಾಸಿನಲ್ಲಿ ಕೆಂಪು ನೂಲು, ಹೊಕ್ಕಿನಲ್ಲಿ ಹಸಿರು ನೂಲು ಕೊಟ್ಟ ಬಟ್ಟೆಯನ್ನು ಮಡಚಿ ನೋಡಿ, ಮಡಿಕೆಯೊಳಗೆ ಕಪ್ಪು ಇರುವುದಿಲ್ಲ, ಇನ್ನೊಂದು ಬಣ್ಣ ಇರುತ್ತದೆ.

ತೋಳಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಎಂಟು ವರ್ಷದವಳಿದ್ದಾಗ ಅಪ್ಪನ ಸೈಕಲ್ಲಿನ ಹಿಂದೆ ಕೂತು ಕಮತಗಿಗೆ ಹೊರಟಿದ್ದೆ. ಹಳ್ಳದ ದಂಡೆಯ ಬಿಲದಿಂದ ತೋಳದ ಮರಿಯೊಂದು ತಲೆ ಹೊರಹಾಕಿ ನಮ್ಮನ್ನು ನೋಡಿತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿತ್ತು. ಅಪ್ಪ ಸೈಕಲ್ ನಿಲ್ಲಿಸಿ, ‘ಸುಮ್ನ ನೋಡು, ಕೈ ಮಾಡಿ ತೋರಸಬ್ಯಾಡ’ ಅಂದ. ಅದು ಒಳಗೆ ಹೋಗುವ ತನಕ ನಿಂತಿದ್ದೆವು. ನೀವು ಯಾವ ಬಣ್ಣವನ್ನಾದರೂ ಹಚ್ಚಿ, ಆ ಮಡಚಿದ ಕಿವಿ ಕೆಡದಿರಲಿ.

ಅನುರಾಧಾ


ಸನತ್‌ನಗರ
9 ಆಗಸ್ಟ್ 2023

ಪ್ರೀತಿಯ ಟೀಚರ್,

ಹೀಗೆ ಕರೆಯಬಹುದಲ್ಲವೆ? ಎಂಟು ವಾರದಲ್ಲಿ ನೀವು ಬರೆದ ಒಂಬತ್ತು ಪತ್ರಗಳನ್ನೂ ಆಫೀಸಿನ ಪ್ರಿಂಟರಿನಲ್ಲಿ ತೆಗೆದು ಹೊಲಿದು ಇಟ್ಟುಕೊಂಡಿದ್ದೇನೆ.

ಅರಿಸಿನದ ತೋಳಿ ಬೋನಾಲಿಗೆ ಹೊರಟಿತು. ಮಕ್ಕಳು ಮುಗಿಬಿದ್ದರು. ಅದರ ಬೆನ್ನಿಗೇ ನೀಲಿ ಉಡಿ ಮಾಡಿದೆ. ಮೈಯ ಹುರುಪೆಗಳಿಗೆ ನೀವು ಹೇಳಿದ ಹಾಗೆ ನೀಲಿಯ ಪಕ್ಕದ ನೇರಳೆಯನ್ನು ನೆರಳಾಗಿ ಕೊಟ್ಟೆ. ಉಪೇಂದ್ರ ಸರ್ ಪರದೆಯ ಹತ್ತಿರ ಮುಖ ತಂದು ನೋಡಿ, ಇನ್ನು ದೂರಿನ ಕೆಲಸ ಬೇರೆಯವರಿಗೆ ಕೊಡೋಣ ಎಂದರು.

ನನ್ನ ಅಪ್ಪ ಸಾಬಣ್ಣ ಪೇಂಟರ್. ಮಣಿಕೊಂಡದ ಎತ್ತರದ ಅಪಾರ್ಟ್‌ಮೆಂಟುಗಳ ಹೊರಗೋಡೆಗೆ ಹಗ್ಗದ ತೊಟ್ಟಿಲಲ್ಲಿ ನಿಂತು ಬಣ್ಣ ಬಳಿಯುತ್ತಿದ್ದ. ಎರಡು ವರ್ಷದ ಹಿಂದೆ ತೊಟ್ಟಿಲು ಜಾರಿ ಸೊಂಟ ಮುರಿದುಕೊಂಡ ಮೇಲೆ ಮನೆಯಲ್ಲೇ ಇದ್ದಾನೆ. ನೀಲಿ ಉಡಿಯನ್ನು ತೋರಿಸಿದೆ. ಬಹಳ ಹೊತ್ತು ನೋಡಿ, ಬಾಲದ ಹತ್ತಿರ ಎರಡನೇ ಕೋಟು ಬಿದ್ದಿಲ್ಲ ಎಂದ. ನೋಡಿದರೆ ನಿಜಕ್ಕೂ ಬಿದ್ದಿರಲಿಲ್ಲ! ಅವ್ವ ಸುಗಲಮ್ಮ ಅದೇ ಮಣಿಕೊಂಡದಲ್ಲಿ ಇಟ್ಟಿಗೆ ಹೊರುತ್ತಾಳೆ. ಇದಕ್ಕೆ ಪಗಾರ ಕೊಡುತ್ತಾರೇನು ಎಂದು ಕೇಳಿದಳು. ಹೌದೆಂದೆ. ‘ಬಣ್ಣ ಬಳ್ಯಾಕ ನಿಮ್ಮಪ್ಪಗೂ ಪಗಾರ ಕೊಡ್ತಿದ್ರು, ಕುರ್ಚಿ ಕೊಟ್ಟಿರಲಿಲ್ಲ ನೋಡು’ ಎಂದು ನಕ್ಕಳು.

ಒಂದು ಕೋರಿಕೆ. ನೀವು ಆಫೀಸಿಗೆ ಕಳಿಸುವ ಚಿತ್ರದಲ್ಲಿ ಎಲ್ಲವೂ ಒಂದೇ ಹಾಳೆಯಾಗಿ ಅಂಟಿಕೊಂಡಿರುತ್ತದೆ. ಉಡಿಯ ಕಾಲಿನ ಪಟ್ಟೆಗಳನ್ನು ಮಾತ್ರ ಬಿಡಿಸಿ ಬಣ್ಣ ಬದಲಿಸಲು ನನಗೆ ಇಡೀ ದಿನ ಹಿಡಿಯುತ್ತದೆ. ನಿಮ್ಮ ಹತ್ತಿರ ರೇಖೆ, ಮೈ, ನೆರಳು, ಪಟ್ಟೆ ಎಲ್ಲ ಬೇರೆ ಬೇರೆ ಪದರಗಳಲ್ಲಿರುವ ಮೂಲ ಫೈಲು ಇರುತ್ತದಂತೆ. ನೋಡಿ ಕಲಿಯಲು ಒಂದನ್ನು ಕಳಿಸುತ್ತೀರಾ?

ನಿಮ್ಮ ವಿದ್ಯಾರ್ಥಿನಿ,
ಶಿವಗಂಗಾ


ಗುಳೇದಗುಡ್ಡ
14 ಆಗಸ್ಟ್ 2023

ಪ್ರಿಯ ಶಿವಗಂಗಾ,

ನಿಮ್ಮ ತಂದೆಯ ಕಣ್ಣಿಗೆ ನನ್ನ ನಮಸ್ಕಾರ ತಿಳಿಸಿ.

ಮೂಲ ಫೈಲು ಕೊಡುವುದಿಲ್ಲ. ಯಾರಿಗೂ ಕೊಟ್ಟಿಲ್ಲ. ಹಿಂದೊಮ್ಮೆ ಮಕ್ಕಳ ಪುಸ್ತಕ ಮಾಡುವವರಿಗೆ ನಂಬಿ ಕೊಟ್ಟಿದ್ದೆ. ನನ್ನ ಮಂಗನಿಗೆ ಟೊಪ್ಪಿಗೆ ಹಾಕಿದರು, ನನ್ನ ಆನೆಯನ್ನು ಕನ್ನಡಿಯಲ್ಲಿ ತಿರುಗಿಸಿದರು, ಆರು ವರ್ಷ ಅದನ್ನೇ ಅಚ್ಚು ಹಾಕಿದರು, ನನ್ನನ್ನು ಮತ್ತೆ ಕರೆಯಲಿಲ್ಲ. ಒಂದೇ ಹಾಳೆಯಿಂದ ಬಿಡಿಸಿ ಕಲಿಯುವುದೇ ಒಳ್ಳೆಯದು. ಕೈಗೆ ತಾಳ್ಮೆ ಬರುತ್ತದೆ.

ಅನುರಾಧಾ


ಸನತ್‌ನಗರ
2 ಸೆಪ್ಟೆಂಬರ್ 2023

ಪ್ರೀತಿಯ ಟೀಚರ್,

ನಿಮ್ಮ ಮಾತು ಒಪ್ಪಿದೆ. ಮತ್ತೆ ಕೇಳಬಾರದೆಂದು ಮೂರು ವಾರ ಸುಮ್ಮನಿದ್ದೆ.

ಆದರೆ ದಸರೆಯೊಳಗೆ ನನ್ನ ಕೆಲಸ ನೋಡಿ, ಚಿತ್ರದ ವಿಭಾಗಕ್ಕೆ ಸೇರಿಸುವುದೋ ಮರಳಿ ದೂರಿನ ಕುರ್ಚಿಗೆ ಕೂರಿಸುವುದೋ ತೀರ್ಮಾನಿಸುತ್ತಾರಂತೆ. ನನ್ನ ಜೊತೆ ಇರುವವರೆಲ್ಲ ಕಾಲೇಜಿನಲ್ಲಿ ಇದನ್ನೇ ಓದಿ ಬಂದವರು. ಪದರ ಹೇಗೆ ಜೋಡಿಸುತ್ತಾರೆಂದು ನಾನು ಕಣ್ಣಿಂದಲೂ ನೋಡಿಲ್ಲ. ನಿನ್ನೆ ಅವ್ವ ಕೆಲಸದಿಂದ ಬಂದು ಕುತ್ತಿಗೆ ತಿರುಗಿಸಲಾಗದೆ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ತೆವಳಿಕೊಂಡು ಬಂದು ಎಣ್ಣೆ ತಿಕ್ಕುತ್ತಿದ್ದ. ನಾನು ಪಕ್ಕದಲ್ಲಿ ಕೂತು ತೋಳಿಯ ಬಾಲದ ಕೂದಲು ಒಂದೊಂದೇ ಬಿಡಿಸುತ್ತಿದ್ದೆ.

ಇದನ್ನು ನಾನೇ ಕೇಳುತ್ತಿದ್ದೇನೆ, ಆಫೀಸು ಕೇಳುತ್ತಿಲ್ಲ.

ಶಿವಗಂಗಾ


ಗುಳೇದಗುಡ್ಡ
21 ಸೆಪ್ಟೆಂಬರ್ 2023

ತಂಗಿ ಗಂಗಾ,

ಎಂಟೂ ಪ್ರಾಣಿಗಳ ಮೂಲ ಫೈಲು ಕಳಿಸಿದ್ದೇನೆ. ಒಂದು ಕೊಟ್ಟು ಏಳು ಇಟ್ಟುಕೊಂಡರೆ ಅರ್ಧ ನಂಬಿದ ಹಾಗಾಗುತ್ತದೆ, ಅದು ನನಗೆ ಬರುವುದಿಲ್ಲ.

ತೋಳಿಯನ್ನು ತೆರೆದು ನೋಡು. ಕೂತ ತೋಳಿಯ ಹಿಂಗಾಲು ಹೊಟ್ಟೆಯ ಮರೆಯಲ್ಲಿರುತ್ತದೆ, ಆಡುವ ಮಕ್ಕಳಿಗೆ ಕಾಣುವುದಿಲ್ಲ. ನಾನು ಮಾತ್ರ ಕಾಲನ್ನು ಉಗುರಿನ ತನಕ ಪೂರ್ತಿ ಬರೆದು, ಅದರ ಮೇಲೆ ಹೊಟ್ಟೆಯ ಪದರ ಮುಚ್ಚಿದ್ದೇನೆ. ಕಾಣದ ಕಾಲು ಸರಿಯಾಗಿದ್ದರೆ ಕಾಣುವ ಹೊಟ್ಟೆ ಸರಿಯಾಗಿ ಕೂರುತ್ತದೆ. ಹೀಗೆ ಬರೆಯಲು ಒಂದು ಪ್ರಾಣಿಗೆ ಎರಡು ತಿಂಗಳು ಹಿಡಿದರೂ ನಾನು ಅವಸರ ಮಾಡಿದವಳಲ್ಲ.

ಇವು ನಿನ್ನ ಮನೆಯ ಕಂಪ್ಯೂಟರಿನಲ್ಲಿ ಇರಲಿ. ಆಫೀಸಿಗೆ ಒಯ್ಯಬೇಡ. ಇಷ್ಟೇ ನಾನು ಕೇಳುವುದು.

ಮೇ ತಿಂಗಳ ನಂತರ ಉಪೇಂದ್ರ ಅವರು ಹೊಸ ಪ್ರಾಣಿ ಕೇಳಿಲ್ಲ. ಯಾಕೆಂದು ನಿನಗೇನಾದರೂ ಗೊತ್ತೆ? ಅವಸರವಿಲ್ಲ. ಇಲ್ಲಿ ನನಗೆ ಬೇರೆ ಕೆಲಸ ಬೇಕಾದಷ್ಟಿದೆ. ಸುಮ್ಮನೆ ಕೇಳಿದೆ.

ನಿನ್ನ ಅಕ್ಕ,
ಅನುರಾಧಾ


ಸನತ್‌ನಗರ
30 ಅಕ್ಟೋಬರ್ 2023

ಪ್ರೀತಿಯ ಅಕ್ಕ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನನ್ನನ್ನು ಚಿತ್ರದ ವಿಭಾಗಕ್ಕೆ ಸೇರಿಸಿಕೊಂಡರು. ನಿಮ್ಮ ಉಪಕಾರ. ಕಿಟಕಿಯ ಪಕ್ಕದ ಮೇಜು ಕೊಟ್ಟಿದ್ದಾರೆ. ಅವ್ವನನ್ನು ಒಂದು ದಿನ ಕರೆತಂದು ತೋರಿಸಿದೆ. ಕೆಳಗೆ ಕಟ್ಟುತ್ತಿದ್ದ ಕಟ್ಟಡವನ್ನು ನೋಡುತ್ತ ನಿಂತಳೇ ಹೊರತು ಮೇಜಿನ ಕಡೆ ತಿರುಗಲಿಲ್ಲ. ಇಟ್ಟಿಗೆ ಹೊತ್ತುಕೊಂಡು ಹೋಗುವವರಲ್ಲಿ ತನ್ನ ಪರಿಚಯದವರಿದ್ದಾರೆಯೇ ಎಂದು ಹುಡುಕುತ್ತಿದ್ದಳು.

ಫೈಲುಗಳು ಮನೆಯಲ್ಲೇ ಇವೆ. ತೋಳಿಯ ಕಾಲು ನೋಡಿದೆ.

ಹೊಸ ಪ್ರಾಣಿಗಳ ಬಗ್ಗೆ ಸರ್ ಏನೂ ಹೇಳಿಲ್ಲ. ಹಬ್ಬಗಳ ಗಡಿಬಿಡಿ ಇರಬೇಕು. ಜನವರಿಯ ನಂತರ ಕೇಳಬಹುದು.

ಶಿವಗಂಗಾ


ಗುಳೇದಗುಡ್ಡ
18 ಡಿಸೆಂಬರ್ 2023

ತಂಗಿ ಗಂಗಾ,

ಕಿಟಕಿಯ ಮೇಜು ಎಂದು ಓದಿ ಖುಷಿಯಾಯಿತು. ಬೆಳಕು ಎಡಗಡೆಯಿಂದ ಬರುತ್ತದೆಯೋ ಇಲ್ಲವೋ ನೋಡಿಕೋ. ಪರದೆಯ ಮೇಲೆ ಬಿಸಿಲು ಬಿದ್ದರೆ ಬಣ್ಣ ಸುಳ್ಳು ಹೇಳುತ್ತದೆ.

ಕೆಲಸ ಬರುವ ತನಕ ಕೈ ಕಟ್ಟಿ ಕೂರಲಾಗದೆ ಹೇಳಿಸಿಕೊಳ್ಳದೆಯೇ ಒಂದು ಹೊಸದನ್ನು ಬರೆದೆ. ಎರೆಭೂತ. ನಮ್ಮ ಎರೆ ಹೊಲಗಳಲ್ಲಿ ಸೊಂಟದೆತ್ತರ ನಡೆಯುತ್ತಿದ್ದ ಹಕ್ಕಿ, ಈಗ ಹುಡುಕಿದರೂ ಸಿಗದು. ಕುತ್ತಿಗೆ ಎತ್ತಿ, ನಾನೇನು ತಪ್ಪು ಮಾಡಿದೆ ಎಂಬಂತೆ ನೋಡುತ್ತದೆ. ಖುಷಿ, ಹಸಿವು, ಜ್ವರ, ನಿದ್ದೆ, ನಾಲ್ಕೂ ಮುಖ ಬರೆದಿದ್ದೇನೆ. ಜ್ವರ ಬಂದಾಗ ಒಂದು ಕಾಲ ಮೇಲೆ ನಿಲ್ಲುತ್ತದೆ. ಮಕ್ಕಳು ಇದನ್ನು ಸಾಕಿದರೆ ಹೆಸರಾದರೂ ಉಳಿಯುತ್ತದೆ.

ಉಪೇಂದ್ರ ಅವರಿಗೆ ಮೂರು ಸಲ ಕಳಿಸಿದೆ. ಉತ್ತರವಿಲ್ಲ. ನನ್ನ ಪತ್ರ ತಲುಪುತ್ತಿಲ್ಲವೇನೋ. ನೀನು ಒಮ್ಮೆ ಅವರ ಮುಂದೆ ತೆರೆದು ಇಡುತ್ತೀಯಾ? ನೀನು ಇರುವುದರಿಂದ ನನಗೆ ಧೈರ್ಯ. ಮೊದಲು ಆ ಆಫೀಸಿನಲ್ಲಿ ನನ್ನವರೆನ್ನುವವರು ಯಾರೂ ಇರಲಿಲ್ಲ.

ಅನುರಾಧಾ


ಕೊಂಡಾಪುರ
11 ಜನವರಿ 2024

ಅನುರಾಧಾ ಮೇಡಂ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಎರೆಭೂತದ ಚಿತ್ರಗಳನ್ನು ಉಪೇಂದ್ರ ಸರ್ ನೋಡಿದ್ದಾರೆ. ಸದ್ಯಕ್ಕೆ ಹೊಸ ಪ್ರಾಣಿಗಳ ಅಗತ್ಯವಿಲ್ಲ ಎಂದು ತಿಳಿಸಲು ಹೇಳಿದ್ದಾರೆ. ಅಗತ್ಯ ಬಿದ್ದರೆ ಆಫೀಸಿನಿಂದಲೇ ನಿಮ್ಮನ್ನು ಸಂಪರ್ಕಿಸುತ್ತಾರೆ.

ಇತಿ,
ಶಿವಗಂಗಾ
ಚಿತ್ರ ವಿಭಾಗ


ಗುಳೇದಗುಡ್ಡ
25 ಫೆಬ್ರುವರಿ 2024

ಶಿವಗಂಗಾ,

ಜನವರಿಯ ಆ ಪತ್ರವನ್ನು ಉಪೇಂದ್ರ ಪಕ್ಕದಲ್ಲಿ ನಿಂತು ಬರೆಸಿರಬೇಕು ಎಂದುಕೊಂಡೆ. ಪಾಪ, ಹುಡುಗಿಗೆ ಎಷ್ಟು ಕಷ್ಟವಾಯಿತೋ ಎಂದು ಒಂದು ತಿಂಗಳು ನಿನಗಾಗಿ ಮರುಗಿದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪಕ್ಕದ ಮನೆಯ ಕಾವ್ಯಾ ಏಳನೆಯ ತರಗತಿ. ನಿನ್ನೆ ತನ್ನ ತಂದೆಯ ಫೋನು ಹಿಡಿದು ಓಡಿಬಂದು, ಅಜ್ಜಿ, ಬಸ್ತಿಯಲ್ಲಿ ಹೊಸ ಪ್ರಾಣಿಗಳು ಬಂದಿವೆ ಎಂದು ತೋರಿಸಿದಳು. ತೋಳಿಗೆ ಹದಿನೇಳು ಬಣ್ಣ. ಹಸಿರು ತೋಳಿ, ಚಾಕೊಲೇಟ್ ತೋಳಿ, ನಕ್ಷತ್ರದ ತೋಳಿ. ಉಡಿಯ ಪಟ್ಟೆಗಳನ್ನು ತೋಳಿಯ ಬೆನ್ನಿಗೆ ಹೊದಿಸಿ ಅದಕ್ಕೊಂದು ಹೊಸ ಹೆಸರು. ಎಂಟು ಪ್ರಾಣಿ ಸೇರಿ ನೂರಕ್ಕೂ ಮೇಲಾಗಿವೆ ಎಂದಳು. ನಾನು ನಗುತ್ತಲೇ ನೋಡುತ್ತಿದ್ದೆ. ಆಮೇಲೆ ಹಸಿರು ತೋಳಿ ಕಾಲು ಮುಂದೆ ಚಾಚಿ ಮಲಗಿತು.

ಅದು ನಾನು ಹೊಟ್ಟೆಯ ಕೆಳಗೆ ಮುಚ್ಚಿಟ್ಟ ಕಾಲು. ಉಗುರಿನ ತನಕ ನನ್ನದೇ. ಅದನ್ನು ಜಗತ್ತಿನಲ್ಲಿ ಇಬ್ಬರು ಮಾತ್ರ ನೋಡಿದ್ದೆವು.

ಕಾವ್ಯಾ ಏನೋ ಕೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ.

ಇಲ್ಲಿ ನನಗೆ ಬೇರೆ ಕೆಲಸ ಬೇಕಾದಷ್ಟಿದೆ ಎಂದು ನಿನಗೆ ಬರೆದಿದ್ದೆ. ಏನೂ ಇರಲಿಲ್ಲ. ಲಾರಿಗಳ ಹಿಂಬದಿಗೆ ಕಮಲ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ನೀನು ಮರುಗಬಾರದೆಂದು ಸುಳ್ಳು ಹೇಳಿದೆ. ನೀನು ಯಾಕೆ ಹೇಳಿದೆ?

ಅನುರಾಧಾ


ಸನತ್‌ನಗರ
3 ಮಾರ್ಚ್ 2024

ಮೇಡಂ,

ಉತ್ತರ ಕೇಳಿದ್ದೀರಿ, ಬರೆಯುತ್ತೇನೆ.

ಆಗಸ್ಟಿನಲ್ಲಿ ಉಪೇಂದ್ರ ಸರ್ ನನ್ನನ್ನು ಒಳಗೆ ಕರೆದರು. ‘ಬಾಯಿಯವರ ಹತ್ರ ಪದರದ ಫೈಲ್ ಅದಾವ. ನಾ ಕೇಳಿದ್ರ ಕೊಡೂದಿಲ್ಲ. ನೀ ಕಲ್ಯಾಕ ಬೇಕು ಅಂತ ಕೇಳು, ನಿಂಗ ಕೊಡ್ತಾರ’ ಎಂದರು. ಆ ಫೈಲು ಸಿಕ್ಕರೆ ಚಿತ್ರದ ವಿಭಾಗ, ಇಲ್ಲದಿದ್ದರೆ ದೂರಿನ ಕುರ್ಚಿಯೂ ಇಲ್ಲ ಎಂದರು. ಮೊದಲ ಸಲ ಕೇಳಿದಾಗಲೂ ಗೊತ್ತಿತ್ತು, ಎರಡನೆಯ ಸಲವೂ ಗೊತ್ತಿತ್ತು. ನೀವು ಕಳಿಸಿದ ಮರುದಿನ ಬೆಳಿಗ್ಗೆಯೇ ಪೆನ್‌ಡ್ರೈವಿನಲ್ಲಿ ಒಯ್ದು ಕೊಟ್ಟೆ. ಅವ್ವನ ಕುತ್ತಿಗೆಯ ಬಗ್ಗೆ ಬರೆದದ್ದು ಮಾತ್ರ ಸುಳ್ಳಲ್ಲ.

ಬಣ್ಣ ಬದಲಿಸಿದರೆ ಸಾಕು, ಹೊಸ ಪ್ರಾಣಿ ಬೇಕಿಲ್ಲ ಎಂದು ಅವರು ಮೇ ತಿಂಗಳಲ್ಲೇ ತೀರ್ಮಾನಿಸಿದ್ದರು. ಅದಕ್ಕೇ ನನಗೆ ಕಲಿಯಲು ಹೇಳಿದ್ದು. ಅದು ನನಗೆ ಅಕ್ಟೋಬರಿನಲ್ಲಿ ತಿಳಿಯಿತು. ಆಗಲೂ ನಿಮಗೆ ಹಬ್ಬಗಳ ಗಡಿಬಿಡಿ ಎಂದು ಬರೆದೆ. ಜನವರಿಯ ಪತ್ರವನ್ನು ಯಾರೂ ಪಕ್ಕದಲ್ಲಿ ನಿಂತು ಬರೆಸಲಿಲ್ಲ. ನೀವು ಕಳಿಸಿದ್ದನ್ನು ಸರ್ ತೆರೆದೇ ಇರಲಿಲ್ಲ, ನಾನು ಎರೆಭೂತವನ್ನು ಅವರಿಗೆ ತೋರಿಸಲೂ ಇಲ್ಲ. ಚೆನ್ನಾಗಿತ್ತು. ನೋಡಿದರೆ ಅವರು ಮನಸ್ಸು ಬದಲಿಸಿಯಾರೆಂದು ಭಯವಾಯಿತು.

ಆದರೆ ನೀವೂ ಒಂದು ಮಾತು ಕೇಳಬೇಕು. ನಿಮ್ಮ ಕಾಲು, ನಿಮ್ಮ ಉಗುರು ಎನ್ನುತ್ತೀರಿ. ನನ್ನಪ್ಪ ಬಣ್ಣ ಬಳಿದ ಗೋಡೆಗಳು ಮಣಿಕೊಂಡದ ತುಂಬ ನಿಂತಿವೆ. ನಿಮ್ಮ ವಿಷಯ ಹೇಳಿದಾಗ ಅವನೇ ಅಂದ, ‘ನಾ ಬಳದ ಗ್ವಾಡಿ ಮ್ಯಾಲ ನನ್ನ ಹೆಸರು ಐತೇನು?’ ಹನ್ನೊಂದನೆಯ ಮಹಡಿಯ ತನಕ ಹಗ್ಗದಲ್ಲಿ ಜೋತಾಡಿದವನಿಗೆ ಇಲ್ಲದ ಹೆಸರು ನೆರಳಲ್ಲಿ ಕೂತು ಬರೆದವರಿಗೆ ಮಾತ್ರ ಯಾಕೆ ಬೇಕು? ನೀವು ಕಳೆದುಕೊಂಡದ್ದು ಎಂಟು ಚಿತ್ರ. ನಾನು ಸೋತಿದ್ದರೆ ಅವ್ವನ ಪಕ್ಕದಲ್ಲಿ ಇಟ್ಟಿಗೆ ಹೊರುತ್ತಿದ್ದೆ. ನನ್ನ ಜಾಗದಲ್ಲಿದ್ದರೆ ನೀವು ಏನು ಮಾಡುತ್ತಿದ್ದಿರಿ?

ಶಿವಗಂಗಾ


ಸನತ್‌ನಗರ
19 ಜುಲೈ 2025

ಅನುರಾಧಾ ಅಕ್ಕ,

ಒಂದೂವರೆ ವರ್ಷ ನೀವು ಬರೆಯಲಿಲ್ಲ. ನಾನೂ ಬರೆಯಲಿಲ್ಲ. ನಿಮ್ಮ ವಿಳಾಸ ಅದೇ ಇದೆಯೋ ಇಲ್ಲವೋ ಗೊತ್ತಿಲ್ಲದೆ ಇದನ್ನು ಕಳಿಸುತ್ತಿದ್ದೇನೆ.

ಈಗ ನನ್ನ ಕೈಕೆಳಗೆ ನಾಲ್ವರಿದ್ದಾರೆ. ಅವ್ವ ಕೆಲಸ ಬಿಟ್ಟಿದ್ದಾಳೆ. ಹೋದ ತಿಂಗಳು ಮಕ್ಕಳನ್ನು ಆಫೀಸಿಗೆ ಕರೆಸಿ ಒಂದು ಕಾರ್ಯಕ್ರಮ ಮಾಡಿದರು. ವೇದಿಕೆಯ ಮೇಲೆ ನನ್ನನ್ನು ಕೂರಿಸಿ, ಇವರೇ ತೋಳಿಯನ್ನು ಮಾಡಿದವರು ಎಂದರು. ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ತೋಳಿಯ ಒಂದು ಕಿವಿ ಯಾಕೆ ಮಡಚಿದೆ ಎಂದು ತೆಲುಗಿನಲ್ಲಿ ಕೇಳಿದಳು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ನಾನು ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದೆ, ಹಳ್ಳದ ದಂಡೆಯಲ್ಲಿ ಒಂದು ಮರಿ ತಲೆ ಹೊರಹಾಕಿತು ಎಂದು ಹೇಳಿದೆ. ಕೈ ಮಾಡಿ ತೋರಿಸಬೇಡ ಎಂದು ಅಪ್ಪ ಅಂದದ್ದನ್ನೂ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನಪ್ಪನ ಹತ್ತಿರ ಯಾವತ್ತೂ ಸೈಕಲ್ ಇರಲಿಲ್ಲ.

ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದ. ನಾನೇ ಆಟೋದಲ್ಲಿ ಕರೆತಂದಿದ್ದೆ. ಅವನಿಗೆ ತೆಲುಗು ಚೆನ್ನಾಗಿ ತಿಳಿಯುತ್ತದೆ.

ಹಿಂದಿನ ಪತ್ರದಲ್ಲಿ ಅವನ ಮಾತನ್ನು ಅರ್ಧ ಬರೆದಿದ್ದೆ. ಪೂರ್ತಿ ಹೀಗಿತ್ತು. ‘ನಾ ಬಳದ ಗ್ವಾಡಿ ಮ್ಯಾಲ ನನ್ನ ಹೆಸರು ಐತೇನು? ಇಲ್ಲ. ಹಂಗಂತ ನಾ ಯಾರ ಬ್ರಷ್‌ನೂ ಕದ್ದಿಲ್ಲ.’

ಹೇಗಾದರೂ ಸರಿಪಡಿಸಬೇಕೆಂದು ಉಪೇಂದ್ರ ಸರ್ ಅವರನ್ನು ಕೇಳಿದೆ. ನಿಮ್ಮ ಹೆಸರು ಹಾಕಲು ಒಪ್ಪುವುದಿಲ್ಲ. ಆದರೆ ಬಣ್ಣ ಬದಲಿಸುವವರು ಇನ್ನಿಬ್ಬರು ಬೇಕಂತೆ, ಮನೆಯಿಂದಲೇ ಮಾಡಬಹುದು. ನಿಮ್ಮನ್ನು ತೆಗೆದುಕೊಳ್ಳಲು ಒಪ್ಪಿಸಿದ್ದೇನೆ. ನಿಮ್ಮ ಪ್ರಾಣಿಗಳೇ, ನಿಮ್ಮ ಫೈಲುಗಳೇ. ಕೆಲಸ ನಾನೇ ಹಂಚುವುದರಿಂದ ನಿಮಗೆ ಯಾರೂ ಏನೂ ಅನ್ನದ ಹಾಗೆ ನೋಡಿಕೊಳ್ಳುತ್ತೇನೆ. ಲಾರಿಯ ಹಿಂದೆ ಬರೆಯುವುದಕ್ಕಿಂತ ಇದು ಒಳ್ಳೆಯದಲ್ಲವೆ? ಹೂಂ ಎನ್ನಿ.

ಗಂಗಾ


ಗುಳೇದಗುಡ್ಡ
8 ಆಗಸ್ಟ್ 2025

ಶಿವಗಂಗಾ,

ನನ್ನ ತೋಳಿಗೆ ನಿನ್ನ ಕೈಕೆಳಗೆ ಕೂತು ಬಣ್ಣ ಹಚ್ಚಲು ಕರೆದಿದ್ದೀಯ. ಕರೆದದ್ದು ಒಳ್ಳೆಯ ಮನಸ್ಸಿನಿಂದಲೇ ಎಂದು ತಿಳಿಯುತ್ತದೆ. ಅದೇ ಹೆಚ್ಚು ನೋಯಿಸಿತು. ಬರುವುದಿಲ್ಲ.

ಬಣ್ಣ ಬದಲಿಸುವ ಕೆಲಸ ನನಗೆ ಈಗಾಗಲೇ ಇದೆ. ಏಪ್ರಿಲಿನಿಂದ ದೂರದ ಊರಿನ ಇನ್ನೊಂದು ಆಟದವರಿಗೆ ಮಾಡುತ್ತಿದ್ದೇನೆ. ಎಡಗಿವಿಯೂ ಪೂರ್ತಿ ಹೋಯಿತು. ಗಾಡಿ ಬಂದದ್ದು ತಿಳಿಯದೆ ಒಮ್ಮೆ ಚಕ್ರದ ಬದಿಗೆ ಬಿದ್ದ ಮೇಲೆ ಲಾರಿಯವರು ಕರೆಯುವುದನ್ನು ಬಿಟ್ಟರು. ಕಾವ್ಯಾಳ ತಂದೆ ಈ ಕೆಲಸ ಹುಡುಕಿಕೊಟ್ಟ. ನಿನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದೆಯಲ್ಲ, ಆಗ ಉತ್ತರವಿರಲಿಲ್ಲ. ಈಗ ಇದೆ.

ಅವರ ಆಟದಲ್ಲಿ ನರಿಗಳಿವೆ. ಫೈಲುಗಳು ಪದರ ಸಮೇತ ಬರುತ್ತವೆ. ಮೊದಲ ನರಿಯನ್ನು ತೆರೆದಾಗಲೇ ತಿಳಿಯಿತು, ಬರೆದವರು ಕೈ ಬಲ್ಲವರು. ಕೂದಲಿನ ಓಟ ನೋಡಿದರೆ ಎಡಗೈಯವರು. ಬಾಯಿಯೊಳಗೆ ಕಾಣದ ಹಲ್ಲುಗಳನ್ನೂ ಒಂದೊಂದಾಗಿ ಬರೆದಿದ್ದರು. ಎಲ್ಲದರ ತಳದಲ್ಲಿ, ಕಣ್ಣಿಗೆ ಕಾಣದಂತೆ ಆರಿಸಿಟ್ಟ ಒಂದು ಪದರವಿತ್ತು. ಬೆಳಗಿಸಿ ನೋಡಿದೆ. ಅದರಲ್ಲಿ ಒಂದು ಹೆಸರು, ನನಗೆ ಓದಲು ಬಾರದ ದುಂಡು ಲಿಪಿಯಲ್ಲಿ, ಕೆಳಗೆ ಒಂದು ಫೋನ್ ನಂಬರು. ಯಾರಾದರೂ ಎಂದಾದರೂ ನೋಡಲಿ ಎಂದೇ ಇಟ್ಟದ್ದು. ಯಾಕೆ ಇಟ್ಟರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನಗೆ ಫೋನಿನಲ್ಲಿ ಮಾತಾಡಲಾಗದಿದ್ದರೂ ಆ ನಂಬರಿಗೆ ಎರಡು ಸಾಲು ಬರೆದು ಕಳಿಸಬಹುದಿತ್ತು. ನಿಮ್ಮ ನರಿ ಇಲ್ಲಿದೆ, ಹಸಿರಾಗುತ್ತಿದೆ ಎಂದು. ಕೆಲಸ ಕೊಟ್ಟವರ ಸೂಚನೆಯಲ್ಲಿ ಬೇಡದ ಪದರಗಳನ್ನು ತೆಗೆದು ಫೈಲು ಹಗುರ ಮಾಡಬೇಕೆಂದಿತ್ತು. ಆ ಹೆಸರಿನ ಮುಂದೆ ಮೊದಲ ದಿನ ಒಂದು ಗಂಟೆ ಕೂತೆ, ಆಮೇಲೆ ಅಳಿಸಿದೆ. ಎರಡನೆಯ ನರಿಗೆ ಹತ್ತು ನಿಮಿಷ ಹಿಡಿಯಿತು. ಈಗ ತೆರೆದ ಕೂಡಲೇ ಮೊದಲು ಅದನ್ನೇ ಅಳಿಸುತ್ತೇನೆ, ಕಣ್ಣಿಗೆ ಬೀಳದಿರಲೆಂದು.

ನಿನ್ನನ್ನು ಕ್ಷಮಿಸಿದೆನೆಂದು ತಿಳಿಯಬೇಡ. ಕ್ಷಮಿಸಿಲ್ಲ. ನಿನ್ನ ಮೇಲೆ ಸಿಟ್ಟಾಗುವ ಹಕ್ಕೊಂದು ನನ್ನ ಪಾಲಿಗೆ ಉಳಿದಿತ್ತು, ಅದನ್ನು ಒಂದು ವರ್ಷ ಚೆನ್ನಾಗಿ ಸಾಕಿದ್ದೆ. ಏಪ್ರಿಲಿನಲ್ಲಿ ಅದೂ ಹೋಯಿತು.

ಸೋಮವಾರದೊಳಗೆ ಹದಿನಾಲ್ಕು ನರಿಗಳನ್ನು ಕಳಿಸಬೇಕಿದೆ. ಇನ್ನು ಬರೆಯಬೇಡ.

ಅನುರಾಧಾ